ಮನೆಯಲ್ಲಿ ಮಾಡುವ ತಲೆತೊಳೆಯುವ ದ್ರವ: ನೊರೆದ್ರವ್ಯಗಳ ಆಯ್ಕೆಯೂ ಮಂದದ ಹದವೂ

ಇತ್ತೀಚಿನ ವರ್ಷಗಳಲ್ಲಿ ಗ್ರಾಮಗಳ ಸ್ತ್ರೀಯರ ಸ್ವಸಹಾಯ ಸಂಘಗಳಲ್ಲಿಯೂ ಕೆಲವು ಜಮೀನುದಾರರ ಮನೆಗಳಲ್ಲಿಯೂ ತಲೆ ತೊಳೆಯುವ ದ್ರವವನ್ನು, ಎಂದರೆ ಎಲ್ಲರೂ ಶಾಂಪೂ ಎಂದು ಕರೆಯುವ ಪದಾರ್ಥವನ್ನು, ತಯಾರಿಸುವ ಕೆಲಸವು ಹರಡುತ್ತ ಬಂದಿದೆ. ಇದು ವ್ಯವಸಾಯದ ಪತ್ರಿಕೆಗೆ ಸಂಬಂಧಪಡದ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಸೀಗೆ, ಅಂಟುವಾಳ, ಚಿಗರೆ, ದಾಸವಾಳ, ಮೆಂತ್ಯ, ಲೋಳೆಸರ ಇವೆಲ್ಲವೂ ನಮ್ಮ ಹೊಲಗಳಲ್ಲಿಯೂ ಬದುಬೇಲಿಗಳಲ್ಲಿಯೂ ಬೆಳೆಯತಕ್ಕವು. ಪೇಟೆಯಿಂದ ಕೊಂಡು ತರುವ ನೊರೆದ್ರವ್ಯಗಳಲ್ಲಿ ಹೆಚ್ಚಿನವು ಮೂಲದಲ್ಲಿ ತೆಂಗಿನೆಣ್ಣೆಯಿಂದಲೋ ತಾಳೆಬೀಜದ ಎಣ್ಣೆಯಿಂದಲೋ ಆದವು. ಅಲ್ಲದೆ ಸಂಘದವರು ಬ್ಯಾಂಕಿನಿಂದ ಸಾಲ ಎತ್ತುವಾಗ ಗ್ರಾಮದ ಮುಖ್ಯಸ್ಥರ ಮಾತನ್ನು ಕೇಳಿಯೇ ಎತ್ತುವರು. ತಯಾರಾದ ಸರಕು ನೀರಾಗಿ ಕೆಟ್ಟರೂ, ಉಪಯೋಗಿಸಿದವರ ಕಣ್ಣಿಗೆ ತೊಂದರೆಯಾದರೂ, ಮೊದಲು ದೂರು ಬರುವುದು ಅವರ ಜಗಲಿಗೇ. ಆದಕಾರಣ ಈ ಕೆಲಸದ ಒಳಗುಟ್ಟನ್ನು ಮುಖ್ಯಸ್ಥರೂ ಜಮೀನುದಾರರೂ ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಅವಶ್ಯಕವು.

ಶಾಂಪೂ ಎಂಬುದು ಪರದೇಶದ ಮಾತೆಂದು ಅನೇಕರು ತಿಳಿದಿರುವರು. ಹಾಗಲ್ಲ. ಹಿಂದೀ ಭಾಷೆಯಲ್ಲಿ ಅಮುಕುವುದು, ಒತ್ತುವುದು ಎಂಬರ್ಥವುಳ್ಳ ‘ಚಾಂಪ್‌ನಾ’ ಎಂಬ ಶಬ್ದವೇ ಇಂಗ್ಲಿಷರ ಬಾಯಲ್ಲಿ ಶಾಂಪೂ ಆಗಿ, ಮೊದಲು ಮೈಯೊತ್ತುವುದಕ್ಕೂ ಆಮೇಲೆ ತಲೆ ತೊಳೆಯುವುದಕ್ಕೂ ಹೆಸರಾಯಿತು. ಹಬ್ಬದ ದಿನ ಎಣ್ಣೆಯೊತ್ತಿ ಸೀಗೆಪುಡಿಯಿಂದ ತಲೆಗೆ ಎರೆಯುವ ನಮ್ಮ ಪದ್ಧತಿಗೂ ಅದಕ್ಕೂ ಬಹು ದೂರವೇನೂ ಇಲ್ಲ.

ನೊರೆದ್ರವ್ಯವೆಂದರೆ ಏನು?

ನೀರೂ ಎಣ್ಣೆಯೂ ಒಂದಕ್ಕೊಂದು ಸೇರವು. ತಲೆಯ ಕೊಳೆಯು ಬಹುಮಟ್ಟಿಗೆ ಎಣ್ಣೆಯಲ್ಲಿ ಹಿಡಿದುಕೊಂಡ ಧೂಳಾದುದರಿಂದ ಬರಿಯ ನೀರಿಗೆ ಅದು ಬಿಡದು. ಒಂದು ಕೊನೆ ನೀರನ್ನೂ ಇನ್ನೊಂದು ಕೊನೆ ಎಣ್ಣೆಯನ್ನೂ ಹಿಡಿಯಬಲ್ಲ ಪದಾರ್ಥವು ನಡುವೆ ಬೇಕಾಗುತ್ತದೆ. ಇಂಥ ಪದಾರ್ಥಗಳನ್ನು ಶಾಸ್ತ್ರಜ್ಞರು ಸರ್ಫ್ಯಾಕ್ಟಂಟುಗಳೆನ್ನುವರು. ಈ ಲೇಖನದಲ್ಲಿ ನೊರೆದ್ರವ್ಯವೆನ್ನೋಣ. ಇವುಗಳ ಒಂದೊಂದು ಕಣಕ್ಕೂ ನೀರನ್ನು ಬಯಸುವ ತಲೆಯೂ ಎಣ್ಣೆಯನ್ನು ಬಯಸುವ ಬಾಲವೂ ಇರುವುವು.

ರೈತರಿಗೆ ಇದು ಹೊಸದಲ್ಲ. ಎಲೆಕೋಸಿನ ಎಲೆಗೆ ಬರಿಯ ಔಷಧಿನೀರನ್ನು ಸಿಂಪಡಿಸಿದರೆ ಅದು ಮುತ್ತಿನಂತೆ ಹನಿಹನಿಯಾಗಿ ಉರುಳಿಹೋಗುವುದು. ಸ್ವಲ್ಪ ಸಾಬೂನು ಸೇರಿಸಿದರೆ ಎಲೆಯನ್ನೆಲ್ಲ ಹರಡಿ ತೊಯ್ಯಿಸುವುದು. ಕೀಟನಾಶಕಗಳ ಸಂಗಡ ಅಂಗಡಿಯವರು ಮಾರುವ ಹರಡುದ್ರವವೂ ಈ ಜಾತಿಯದೇ. ಎಲೆಯ ಮೇಣದ ಮೇಲೆ ಅದು ಮಾಡುವ ಕೆಲಸವನ್ನೇ ಕೂದಲಿನ ಜಿಡ್ಡಿನ ಮೇಲೆ ಶಾಂಪೂ ಮಾಡುವುದು.

ಸಾಬೂನು ಇವುಗಳಲ್ಲೆಲ್ಲ ಹಳೆಯದು. ಎಣ್ಣೆಗೆ ಕಾಸ್ಟಿಕ್ ಸೋಡ ಕೂಡಿಸಿದರೆ ಸಾಬೂನಾಗುವುದು. ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ಆರಂಭವಾದ ಮೇಲೆ ಇದರ ತಯಾರಿಕೆಯು ನಮ್ಮವರಿಗೆ ಚೆನ್ನಾಗಿ ಪರಿಚಯವಾಯಿತು. ಆದರೆ ತಲೆಗೂದಲಿಗೆ ಸಾಬೂನು ಅಷ್ಟು ಒಳ್ಳೆಯದಲ್ಲ; ಇದಕ್ಕೆ ಎರಡು ಕಾರಣಗಳುಂಟು. ಮಣ್ಣಿನ ಪರೀಕ್ಷೆಯ ಚೀಟಿಯಲ್ಲಿ ಪಿ. ಎಚ್. ಎಂಬ ಅಂಕಿಯನ್ನು ಎಲ್ಲರೂ ನೋಡಿರಬಹುದು. ೭ ಸಮ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಸವುಳು. ತಲೆಯ ಚರ್ಮವು ಸುಮಾರು ೫ರ ಹುಳಿಯಲ್ಲಿರುವುದು, ಸಾಬೂನು ೯ರಿಂದ ೧೦ರ ಕ್ಷಾರದಲ್ಲಿರುವುದು. ಈ ಕ್ಷಾರದಿಂದ ಕೂದಲಿನ ಮೇಲ್ಪೊರೆಯು ಎದ್ದು, ಕೂದಲು ಒರಟಾಗಿ ಸಿಕ್ಕುಗಟ್ಟುವುದು. ಎರಡನೆಯದು ನೀರಿನ ದೋಷ. ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಯ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡುಸಾಗಿದೆ. ಆ ನೀರಿನಲ್ಲಿರುವ ಸುಣ್ಣ ಮೆಗ್ನೀಶಿಯಗಳ ಅಂಶವು ಸಾಬೂನನ್ನು ಹಿಡಿದು, ಬಕೆಟ್ಟಿನ ಅಂಚಿಗೆ ಕಟ್ಟುವಂಥ ಬಿಳಿಯ ಗಷ್ಟನ್ನೇ ಕೂದಲಿಗೂ ಕಟ್ಟಿಬಿಡುವುದು. ಈಗಿನ ನೊರೆದ್ರವ್ಯಗಳು ಗಡುಸು ನೀರಿನಲ್ಲಿಯೂ ಇಂಥ ಗಷ್ಟನ್ನು ಕಟ್ಟದೆ ಕೆಲಸ ಮಾಡುವುವಾದ್ದರಿಂದಲೇ ರೂಢಿಗೆ ಬಂದವು.

ಯಾವುದನ್ನು ಕೊಳ್ಳಬೇಕು?

ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಸೋಡಿಯಂ ಲಾರೆತ್ ಸಲ್ಫೇಟ್, ಎಂದರೆ ವ್ಯಾಪಾರಿಗಳು ಎಸ್. ಎಲ್. ಇ. ಎಸ್. ಎಂದು ಹೇಳುವ ದ್ರವ್ಯ. ನೊರೆ ಚೆನ್ನಾಗಿ ಬರುವುದು, ಬೆಲೆ ಕಡಿಮೆ, ಉಪ್ಪಿನಿಂದ ಮಂದವಾಗುವ ಗುಣವೂ ಉಂಟು. ಇದಕ್ಕೆ ಹತ್ತಿರದ ಹೆಸರಿನ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬುದು ಬೇರೆ. ಅದು ಚರ್ಮವನ್ನು ಹೆಚ್ಚು ಕೆರಳಿಸುವುದಾದ್ದರಿಂದ ಮನೆಯ ಕೆಲಸಕ್ಕೆ ಬೇಡ. ಹೆಸರುಗಳಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುವುದರಿಂದ ಕೊಳ್ಳುವಾಗ ಚೀಟಿಯನ್ನು ಓದಿಸಿ ಕೇಳತಕ್ಕದ್ದು.

ಎಸ್. ಎಲ್. ಇ. ಎಸ್. ಒಂದನ್ನೇ ಹಾಕಿದರೆ ತಲೆ ಒಣಗಿದಂತಾಗುವುದು. ಕೋಕಾಮಿಡೊಪ್ರೊಪೈಲ್ ಬೀಟೇನ್ ಎಂಬ ಮೃದುವಾದ ದ್ರವ್ಯವನ್ನು ಅದರ ಮೂರನೆಯ ಒಂದು ಭಾಗದಷ್ಟು ಕೂಡಿಸಿದರೆ ಉರಿಯು ತಗ್ಗುವುದು, ನೊರೆಯು ಬೆಣ್ಣೆಯಂತಾಗುವುದು, ದ್ರವವು ಮಂದಕ್ಕೆ ಬರುವುದೂ ಸುಲಭವಾಗುವುದು. ಎರಡು ಎತ್ತು ಜೊತೆ ಕಟ್ಟಿದಂತೆ ಇವೆರಡೂ ಕೂಡಿ ಎಳೆಯುವುವು. ಡೆಸಿಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್ ಎಂಬುವು ಎಣ್ಣೆ ಮತ್ತು ಸಕ್ಕರೆಯ ಅಂಶಗಳಿಂದಾದುವು. ಬಹು ಮೃದು, ಆದರೆ ಬೆಲೆ ಹೆಚ್ಚು, ಪೇಟೆಯಿಂದ ಬರುವಾಗ ಬಲವಾದ ಕ್ಷಾರದಲ್ಲಿರುವುವು, ಮತ್ತು ಎಷ್ಟು ಉಪ್ಪು ಸುರಿದರೂ ಮಂದವಾಗವು. ಈ ಕಡೆಯ ಸಂಗತಿಯನ್ನು ತಿಳಿಯದೆ ಕೈಸುಟ್ಟುಕೊಂಡವರುಂಟು.

ತೆಂಗಿನ ಹೆಸರು ಹೊತ್ತ ಈ ದ್ರವ್ಯಗಳಿಗೆ ಬೇಕಾದ ಲಾರಿಕ್ ಅಂಶವು ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವುದು. ಹಾಗೆಂದು ಇವೆಲ್ಲಕ್ಕೂ ತಿಪಟೂರಿನ ಕೊಬ್ಬರಿಯೇ ಹೋಗುತ್ತಿದೆಯೆಂದು ನಮ್ಮ ತೆಂಗಿನ ಬೆಳೆಗಾರರು ಸಂತೋಷಪಡುವ ಹಾಗಿಲ್ಲ. ಅದೇ ಅಂಶವುಳ್ಳ ತಾಳೆಬೀಜದ ಎಣ್ಣೆಯು ಮಲೇಶಿಯ ಇಂಡೊನೇಶಿಯಗಳಲ್ಲಿ ಅಗ್ಗವಾಗಿ ಆಗುತ್ತಿರುವುದರಿಂದ ದೊಡ್ಡ ಕಾರ್ಖಾನೆಗಳು ಅದನ್ನೇ ಹೆಚ್ಚಾಗಿ ಆಶ್ರಯಿಸಿವೆ.

ಸಾರವನ್ನು ಲೆಕ್ಕ ಹಾಕುವ ಬಗೆ

ಗೊಬ್ಬರವನ್ನು ಕೊಳ್ಳುವಾಗ ಬುದ್ಧಿವಂತನಾದ ರೈತನು ಮೂಟೆಯ ತೂಕವನ್ನು ನೋಡುವುದಿಲ್ಲ, ಒಳಗಿನ ಸಾರವನ್ನು ನೋಡುವನು. ಯೂರಿಯದಲ್ಲಿ ನೂರಕ್ಕೆ ೪೬ ಭಾಗ ಸಾರಜನಕವಿದ್ದರೆ ಅಮೋನಿಯಂ ಸಲ್ಫೇಟಿನಲ್ಲಿ ೨೧ಕ್ಕೆ ಒಳಗೆ. ನೊರೆದ್ರವ್ಯಗಳಿಗೂ ಇದೇ ನ್ಯಾಯವು. ಎಸ್. ಎಲ್. ಇ. ಎಸ್. ಎರಡು ರೂಪಗಳಲ್ಲಿ ಬರುವುದು: ನೂರಕ್ಕೆ ೭೦ ಭಾಗ ಸಾರವುಳ್ಳ ಮುಲಾಮಿನಂಥದು ಒಂದು, ೨೮ ಭಾಗ ಸಾರವುಳ್ಳ ದ್ರವ ಇನ್ನೊಂದು. ಬೀಟೇನಿನಲ್ಲಿ ಸಾಮಾನ್ಯವಾಗಿ ೩೦ ಭಾಗ. ದ್ರವದ ಬೆಲೆ ಕಿಲೋಗೆ ೬೦ ರೂಪಾಯಿ, ಮುಲಾಮಿನದು ೧೨೦ ರೂಪಾಯಿ ಎಂದಿಟ್ಟುಕೊಳ್ಳೋಣ. ನೋಡುವುದಕ್ಕೆ ದ್ರವವು ಅರ್ಧ ಬೆಲೆಯದು. ಆದರೆ ಒಂದು ಕಿಲೋ ಸಾರಕ್ಕೆ ಲೆಕ್ಕ ಹಿಡಿದರೆ ದ್ರವಕ್ಕೆ ೨೧೪ ರೂಪಾಯಿ, ಮುಲಾಮಿಗೆ ೧೭೧ ರೂಪಾಯಿ ಬೀಳುವುದು. ಉಳಿದದ್ದು ನೀರಿಗೆ ಕೊಟ್ಟ ದುಡ್ಡು, ಅದನ್ನು ಹೊತ್ತು ತಂದ ಬಾಡಿಗೆ ಬೇರೆ.

ತಲೆ ತೊಳೆಯುವ ದ್ರವದಲ್ಲಿ ಒಟ್ಟು ಸಾರವು ನೂರಕ್ಕೆ ೧೦ರಿಂದ ೧೫ ಭಾಗದ ವರೆಗೆ ಇದ್ದರೆ ಸಾಕು. ಇದಕ್ಕಿಂತ ಹೆಚ್ಚು ಹಾಕಿದರೆ ಕೊಳೆ ಹೆಚ್ಚು ಹೋಗುವುದಿಲ್ಲ, ತಲೆಯ ಸಹಜವಾದ ಜಿಡ್ಡೇ ಹೋಗುವುದು.

ಪಾತ್ರೆ ತೊಳೆಯುವ ದ್ರವ್ಯದಿಂದಾಗುವ ಹಾನಿ

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯನ್ನು ಕೊಡಬೇಕಾಗಿದೆ. ಪಾತ್ರೆ ತೊಳೆಯುವ ದ್ರವವನ್ನು ಮಾಡುವುದಕ್ಕೆಂದು ಸಾಮಾನುಗಳ ಕಟ್ಟುಗಳು ಈಗ ಎಲ್ಲ ಊರುಗಳಲ್ಲಿಯೂ ದೊರೆಯುತ್ತಿವೆ. ಇವುಗಳಲ್ಲಿ ‘ಆಸಿಡ್ ಸ್ಲರಿ’ ಎಂಬ ಕಂದುಬಣ್ಣದ ಪಾಕವೊಂದಿರುವುದು. ಅದು ಕೈಯನ್ನು ಸುಡಬಲ್ಲ ಬಲವಾದ ಆಮ್ಲ. ಅದನ್ನು ಕಾಸ್ಟಿಕ್ ಸೋಡದಿಂದಲೋ ಬಟ್ಟೆ ಸೋಡದಿಂದಲೋ ಮುರಿದು ನೊರೆದ್ರವ್ಯವನ್ನಾಗಿ ಮಾಡುವರು. ಪಾತ್ರೆಗೂ ಬಟ್ಟೆಗೂ ನೆಲಕ್ಕೂ ಅದು ಸರಿಯೇ. ತಲೆಗೆ ಸರ್ವಥಾ ಕೂಡದು.

ನನ್ನ ವೃತ್ತದ ಒಂದು ಗ್ರಾಮದಲ್ಲಿ ಸಂಘದವರು ಸಾಲ ಎತ್ತಿ ಇಂಥ ಕಟ್ಟುಗಳನ್ನು ತರಿಸಿ, ಪಾತ್ರೆಯ ದ್ರವವು ಚೆನ್ನಾಗಿ ಮಾರಾಟವಾಗಲು, ಅದಕ್ಕೇ ಹಸುರು ಬಣ್ಣವನ್ನೂ ಮಲ್ಲಿಗೆಯ ವಾಸನೆಯನ್ನೂ ಕೂಡಿಸಿ ಶಾಂಪೂವೆಂದು ಜಾತ್ರೆಯಲ್ಲಿ ಮಾರಿದರು. ತೆಳ್ಳಗಿದೆಯೆಂದು ಗಿರಾಕಿಗಳು ಹೇಳಿದ್ದಕ್ಕೆ ಬಟ್ಟೆ ಸೋಡವನ್ನು ಇನ್ನಷ್ಟು ಹಾಕಿದ್ದರು. ಎರಡು ವಾರದೊಳಗಾಗಿ ಹಲವರಿಗೆ ತಲೆಯಲ್ಲಿ ನವೆಯೂ ಹೊಟ್ಟೂ ಕಂಡವು. ಶಾಲೆಯ ಒಂದು ಹುಡುಗಿಯ ಕಣ್ಣುಗಳು ಊದಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ದೇವರ ದಯದಿಂದ ಆ ಮಗುವಿನ ದೃಷ್ಟಿಗೆ ಊನವಾಗಲಿಲ್ಲ. ಮಿಕ್ಕಿದ್ದ ಶೀಸೆಯ ದ್ರವದಲ್ಲಿ ಪರೀಕ್ಷೆಯ ಕಾಗದವನ್ನು ಅದ್ದಿ ನೋಡಿದಾಗ ಅದು ೧೦ರ ಬಣ್ಣವನ್ನು ತೋರಿಸಿತು. ಆ ಹೆಂಗಸರಲ್ಲಿ ಮೋಸದ ಬುದ್ಧಿಯೇನೂ ಇರಲಿಲ್ಲ. ನೊರೆ ಬರುವುದೆಲ್ಲ ಒಂದೇ ಎಂದು ತಿಳಿದಿದ್ದರು, ಅಷ್ಟೆ; ಸರಕನ್ನು ಹಿಂದಕ್ಕೆ ಪಡೆದು ದುಡ್ಡು ಕೊಟ್ಟರು, ಸಾಲವು ಮಾತ್ರ ತಲೆಯ ಮೇಲೆ ಉಳಿಯಿತು. ಇಂಥ ದ್ರವವು ಕಣ್ಣಿಗೆ ಬಿದ್ದರೆ ಕೂಡಲೇ ಹದಿನೈದು ನಿಮಿಷ ಶುದ್ಧವಾದ ತಣ್ಣೀರನ್ನು ಧಾರೆಯಾಗಿ ಬಿಟ್ಟು ತೊಳೆದು, ಆಮೇಲೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಪಿ. ಎಚ್. ಪರೀಕ್ಷೆಯ ಕಾಗದಗಳ ಸಣ್ಣ ಕಟ್ಟು ಹೆಚ್ಚು ಬೆಲೆಯದಲ್ಲ. ಅದಿಲ್ಲದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದೆಂದು ನನ್ನ ಖಂಡಿತವಾದ ಅಭಿಪ್ರಾಯ.

ಹತ್ತು ಕಿಲೋ ದ್ರವದ ತಯಾರಿಕೆ

೭೦ರ ಮುಲಾಮು ೧ ಕಿಲೋ ೩೦೦ ಗ್ರಾಂ, ಬೀಟೇನ್ ೧ ಕಿಲೋ, ಗ್ಲಿಸರಿನ್ ೨೦೦ ಗ್ರಾಂ, ಸೋಡಿಯಂ ಬೆಂಜೊಯೇಟ್ ೫೦ ಗ್ರಾಂ, ಪೊಟ್ಯಾಶಿಯಂ ಸಾರ್ಬೇಟ್ ೩೦ ಗ್ರಾಂ, ನಿಂಬೆಹುಳಿಯ ಉಪ್ಪು ಎಂದರೆ ಸಿಟ್ರಿಕ್ ಆಮ್ಲ ಸುಮಾರು ೨೫ ಗ್ರಾಂ, ನೀರು ೬ ಕಿಲೋ ೩೦೦ ಗ್ರಾಂ. ಇವೆಲ್ಲ ಸೇರಿ ಹೆಚ್ಚುಕಡಿಮೆ ೮ ಕಿಲೋ ೯೦೦ ಗ್ರಾಂ ಆಗುವುದು. ಉಳಿದ ೧ ಕಿಲೋ ೧೦೦ ಗ್ರಾಂನ ಸ್ಥಳವನ್ನು ಉಪ್ಪುನೀರಿಗಾಗಿ ಬಿಟ್ಟಿರುವುದು. ಮುಲಾಮಿನಿಂದ ೯೧೦ ಗ್ರಾಂ, ಬೀಟೇನಿನಿಂದ ೩೦೦ ಗ್ರಾಂ, ಒಟ್ಟು ೧,೨೧೦ ಗ್ರಾಂ ಸಾರ. ಎಂದರೆ ನೂರಕ್ಕೆ ೧೨ ಭಾಗ.

ನೀರು ಗಡುಸಾಗಿರಕೂಡದು. ಕುಡಿಯುವ ನೀರಿನ ಶುದ್ಧೀಕರಣ ಘಟಕದ ನೀರನ್ನು ಕುದಿಸಿ ಆರಿಸಿ ಉಪಯೋಗಿಸುವುದು ಉತ್ತಮ. ಮೊದಲು ನೀರಿನಲ್ಲಿ ಬೆಂಜೊಯೇಟ್, ಸಾರ್ಬೇಟ್‌ಗಳನ್ನು ಕರಗಿಸಬೇಕು. ಆಮೇಲೆ ಮುಲಾಮನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕುವುದು. ನೀರನ್ನು ಮುಲಾಮಿಗೆ ಹಾಕಬಾರದು. ಈ ಮಾತನ್ನು ಅಲಕ್ಷ್ಯಮಾಡಿದವರಿಗೆ ಒಂದು ವಿಚಿತ್ರವು ಕಾಣುವುದು: ಮುಲಾಮಿಗೆ ಸ್ವಲ್ಪ ನೀರು ಬಿದ್ದೊಡನೆ ಅದು ತೆಳ್ಳಗಾಗುವ ಬದಲು ಮೊದಲಿಗಿಂತಲೂ ಗಟ್ಟಿಯಾಗಿ, ಹಲಸಿನ ಮೇಣದಂತೆ ಸೌಟನ್ನು ಹಿಡಿದುಕೊಳ್ಳುವುದು. ನೂರಕ್ಕೆ ೩೦ರಿಂದ ೬೦ ಭಾಗದ ನಡುವಣ ಸಾರದಲ್ಲಿ ಈ ದ್ರವ್ಯದ ಕಣಗಳು ಸಾಲಾಗಿ ಕಟ್ಟಿಕೊಂಡು ನಿಲ್ಲುವುದೇ ಇದಕ್ಕೆ ಕಾರಣ. ಹೀಗಾದರೆ ಕಡೆಯುತ್ತ ಕೂರುವುದರಿಂದ ಪ್ರಯೋಜನವಿಲ್ಲ, ನೊರೆ ಮಾತ್ರ ಏಳುವುದು. ಹೆಚ್ಚು ನೀರಿನಲ್ಲಿ ಮುಳುಗಿಸಿ ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ತಾನಾಗಿ ಕರಗಿರುವುದು.

ಅದು ಕರಗಿದ ಮೇಲೆ ಬೀಟೇನ್ ಮತ್ತು ಗ್ಲಿಸರಿನ್, ಬೇಕಾದರೆ ವಾಸನೆ. ಕಡೆಯದಾಗಿ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಹನಿಹನಿಯಾಗಿ ಬಿಡುತ್ತ, ಕಾಗದವು ೫ರ ಸಮೀಪವನ್ನು ತೋರಿಸುವ ತನಕ ಹಾಕುವುದು. ಆಮ್ಲವನ್ನು ಮೊದಲೇ ಹಾಕಿದರೆ ಬೆಂಜೊಯೇಟ್ ಹರಳುಗಟ್ಟಿ ತಳಕ್ಕೆ ಬೀಳುವುದು. ಹಾಕದೇ ಇದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ, ಏಕೆಂದರೆ ಹುಳಿಯಲ್ಲಿ ಮಾತ್ರ ಅದಕ್ಕೆ ಬೂಷ್ಟನ್ನು ತಡೆಯುವ ಶಕ್ತಿಯುಂಟು. ಕೂದಲಿಗೆ ನುಣುಪು ಕೊಡುವ ಕಂಡೀಷನರುಗಳನ್ನು ಇದರಲ್ಲಿ ಬೆರೆಸುವ ಆಸೆ ಬೇಡ. ಅವುಗಳ ವಿದ್ಯುದಂಶವು ಇದಕ್ಕೆ ವಿರುದ್ಧವಾದುದರಿಂದ, ಹಾಲಿಗೆ ಹುಳಿ ಬಿದ್ದಂತೆ ಒಡೆದು ಎರಡೂ ಕೆಡುವುವು.

ಮಂದದ ಹದ

ಇನ್ನು ಹೆಚ್ಚಿನವರು ಸೋಲುವ ಸ್ಥಳಕ್ಕೆ ಬರೋಣ. ಮೇಲೆ ಹೇಳಿದ ದ್ರವವು ಆಗ ನೀರಿನಂತೆಯೇ ಇರುವುದು. ಗಿರಾಕಿಗಳು ಮಂದವಾದುದನ್ನೇ ಸಾರವುಳ್ಳದ್ದೆಂದು ನಂಬಿರುವರು. ಇದು ತಪ್ಪು ನಂಬಿಕೆ. ಮಂದಕ್ಕೂ ತೊಳೆಯುವ ಶಕ್ತಿಗೂ ಸಂಬಂಧವಿಲ್ಲ. ಆದರೂ ಅಂಗೈಯಲ್ಲಿ ನಿಲ್ಲದೆ ಬೆರಳ ಸಂದಿನಿಂದ ಹರಿದುಹೋಗುವ ದ್ರವವು ಅರ್ಧಕ್ಕರ್ಧ ಬಚ್ಚಲಿಗೆ ಹೋಗುವುದು, ಕಣ್ಣಿಗೂ ಬೇಗ ಇಳಿಯುವುದು. ಆದ್ದರಿಂದ ಸ್ವಲ್ಪ ಮಂದವು ಬೇಕಾದ್ದೇ.

ಅಡಿಗೆಯ ಉಪ್ಪಿನಿಂದ ಈ ಮಂದವು ಬರುವುದು ಆಶ್ಚರ್ಯವಾಗಿ ತೋರುವುದಾದರೂ ಅದರ ಕಾರಣವು ಸುಲಭ. ಬಿಸಿಲಿನಲ್ಲಿ ಕುರಿಗಳು ತಲೆಗಳನ್ನು ಒಳಕ್ಕೆ ಚಾಚಿ ಗುಂಪಾಗಿ ನಿಲ್ಲುವುದನ್ನು ಎಲ್ಲರೂ ನೋಡಿರುವರು. ನೊರೆದ್ರವ್ಯದ ಕಣಗಳು ನೀರಿನಲ್ಲಿ ಇದಕ್ಕೆ ತಿರುವಾಗಿ, ಬಾಲಗಳನ್ನು ಒಳಗೆ ಮಾಡಿಕೊಂಡು ತಲೆಗಳನ್ನು ಹೊರಗೆ ಮಾಡಿ, ಉಂಡೆಯುಂಡೆಯಾಗಿ ಗುಂಪುಗೂಡುವುವು. ಎಸ್. ಎಲ್. ಇ. ಎಸ್.ನ ತಲೆಗಳೆಲ್ಲಕ್ಕೂ ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಅವು ಪರಸ್ಪರ ತಳ್ಳಾಡುತ್ತ ದೂರದೂರವಾಗಿರುವುವು. ಉಪ್ಪು ಬಿದ್ದೊಡನೆ ಈ ತಳ್ಳಾಟವು ಅಡಗುವುದು. ತಲೆಗಳು ಹತ್ತಿರ ಸರಿದು, ಉಂಡೆಗಳು ನೀಳವಾಗಿ ದಾರಗಳಂತಾಗುವುವು. ಬೆಂದ ಶಾವಿಗೆಯಂತೆ ಈ ದಾರಗಳು ಒಂದಕ್ಕೊಂದು ತೊಡರಿಕೊಂಡಾಗ ದ್ರವವು ಮಂದವಾಗುವುದು. ಉಪ್ಪು ಮಿತಿಮೀರಿದರೆ ದಾರಗಳು ಕವಲೊಡೆದು, ತೊಡರು ಜಾರಿ, ದ್ರವವು ಪುನಃ ತೆಳ್ಳಗಾಗುವುದು. ಆದುದರಿಂದ ಉಪ್ಪಿನ ದಾರಿಯು ಗುಡ್ಡವನ್ನು ಹತ್ತಿ ಇಳಿದಂತೆ: ಒಂದು ಹಂತದ ವರೆಗೆ ಏರು, ಆಮೇಲೆ ಇಳಿಜಾರು. ಇಳಿಜಾರಿಗೆ ಬಿದ್ದವನು ಮಂದ ಸಾಲದೆಂದು ಮತ್ತೆ ಉಪ್ಪು ಹಾಕಿದರೆ ಇನ್ನೂ ಕೆಳಕ್ಕೆ ಹೋಗುವನು. ಸಂಘಗಳಲ್ಲಿ ಸರಕು ನೀರಾಗುವುದು ಬಹುಮಟ್ಟಿಗೆ ಹೀಗೆಯೇ.

ಗುಡ್ಡದ ತುದಿಯು ಎಲ್ಲರಿಗೂ ಒಂದೇ ಅಂಕಿಯಲ್ಲಿ ಬರುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ೧ರಿಂದ ೩ ಭಾಗ ಉಪ್ಪಿನ ಒಳಗೆ ಬರುವುದು. ಬೀಟೇನಿನಲ್ಲಿಯೇ ನೂರಕ್ಕೆ ೫–೬ ಭಾಗ ಉಪ್ಪು ಮೊದಲೇ ಇರುವುದು. ಬೆಂಜೊಯೇಟ್ ಮುಂತಾದವೂ ಉಪ್ಪಿನ ಜಾತಿಯವೇ. ವಾಸನೆಯ ಎಣ್ಣೆಗಳು ಕೆಲವು ಮಂದವನ್ನು ಹೆಚ್ಚಿಸುವುವು, ಕೆಲವು ಮುರಿಯುವುವು. ಆದಕಾರಣ ಉಪ್ಪನ್ನು ಎಲ್ಲದರ ಕಡೆಯಲ್ಲಿ, ಪರೀಕ್ಷೆ ಮಾಡಿಯೇ ಹಾಕತಕ್ಕದ್ದು.

ಪರೀಕ್ಷೆಯ ಕ್ರಮ ಹೇಗೆಂದರೆ: ೨೦೦ ಗ್ರಾಂ ಶುದ್ಧವಾದ ಪುಡಿಯುಪ್ಪನ್ನು ೮೦೦ ಗ್ರಾಂ ನೀರಿನಲ್ಲಿ ಕರಗಿಸಿ ಸೋಸಿಡುವುದು. ಐದು ಬಟ್ಟಲುಗಳಲ್ಲಿ ತಲಾ ೧೦೦ ಗ್ರಾಂ ದ್ರವವನ್ನು ತೆಗೆದುಕೊಂಡು, ಮೊದಲನೆಯದಕ್ಕೆ ಈ ಉಪ್ಪುನೀರು ಎರಡೂವರೆ ಗ್ರಾಂ, ಎರಡನೆಯದಕ್ಕೆ ೫, ಮೂರನೆಯದಕ್ಕೆ ಏಳೂವರೆ, ನಾಲ್ಕನೆಯದಕ್ಕೆ ೧೦, ಐದನೆಯದಕ್ಕೆ ಹನ್ನೆರಡೂವರೆ ಗ್ರಾಂ ಹಾಕುವುದು. ಎಲ್ಲಕ್ಕೂ ಸೇರಿಸಿದ ನೀರು ಒಂದೇ ಸಮವಾಗಿರಬೇಕಾದ್ದರಿಂದ ಮೊದಲ ನಾಲ್ಕಕ್ಕೆ ಹನ್ನೆರಡೂವರೆ ಗ್ರಾಂ ತುಂಬುವಷ್ಟು ಬರಿಯ ನೀರನ್ನು ಕೂಡಿಸುವುದು. ಮೆಲ್ಲಗೆ ಕಲಸಿ, ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡುವುದು. ಬಿಸಿಯಾಗಿರುವಾಗಲೂ, ನೊರೆಗುಳ್ಳೆಗಳು ತುಂಬಿರುವಾಗಲೂ ನೋಡಿದರೆ ಮೋಸಹೋಗುವುದು ಖಂಡಿತ. ಮಂದವನ್ನು ಅಳೆಯುವುದಕ್ಕೆ ಯಂತ್ರ ಬೇಡ. ಪೂರ್ವಕಾಲದ ಗಳಿಗೆ ಬಟ್ಟಲಿನಂತೆ ತಳದಲ್ಲಿ ರಂಧ್ರವುಳ್ಳ ಒಂದು ತೆಂಗಿನ ಚಿಪ್ಪನ್ನೋ ಲಾಳಿಕೆಯನ್ನೋ ಇಟ್ಟುಕೊಂಡು, ಅಳತೆ ಮಾಡಿದ ದ್ರವವು ಹರಿದು ಮುಗಿಯಲು ಎಷ್ಟು ಸೆಕೆಂಡು ಹಿಡಿಯುವುದೆಂದು ಗಡಿಯಾರ ನೋಡಿ ಬರೆದುಕೊಂಡರಾಯಿತು. ಪ್ರತಿ ಸಲವೂ ಅದೇ ಚಿಪ್ಪು, ಅದೇ ಹೊತ್ತು ಇರಬೇಕು. ಏಕೆಂದರೆ ಬೆಳಗಿನ ಚಳಿಗೆ ಮಂದವಾಗಿ ಕಂಡದ್ದು ಮಧ್ಯಾಹ್ನದ ಸೆಕೆಗೆ ತೆಳ್ಳಗಾಗುವುದು.

ಅತ್ಯಂತ ಮಂದವಾದ ಬಟ್ಟಲನ್ನು ಆರಿಸಬಾರದು, ಅದಕ್ಕಿಂತ ಒಂದು ಮೆಟ್ಟಲು ಹಿಂದಿನದನ್ನು ಆರಿಸಬೇಕು. ತುದಿಯಲ್ಲಿ ನಿಂತರೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಆಚೆಗೆ ಉರುಳುವ ಭಯವುಂಟು. ಮೂರನೆಯ ಬಟ್ಟಲು ಸರಿಯೆಂದು ಕಂಡರೆ, ಮಿಕ್ಕ ೮ ಕಿಲೋ ೪೦೦ ಗ್ರಾಂ ದ್ರವಕ್ಕೆ ೬೩೦ ಗ್ರಾಂ ಉಪ್ಪುನೀರು, ೪೨೦ ಗ್ರಾಂ ಬರಿಯ ನೀರು ಕೂಡಿಸುವುದು. ಪರೀಕ್ಷೆಯ ಐದು ಬಟ್ಟಲುಗಳನ್ನೂ ಒಟ್ಟಿಗೆ ಸುರಿದರೆ ಸರಾಸರಿಯಲ್ಲಿ ಮೂರನೆಯ ಬಟ್ಟಲಿನ ಉಪ್ಪೇ ಬರುವುದಾದ್ದರಿಂದ ಅದೂ ನಷ್ಟವಾಗಬೇಕಾಗಿಲ್ಲ. ಉಪ್ಪು ಮೀರಿ ನೀರಾದ ಸರಕನ್ನು ಚೆಲ್ಲುವುದೂ ಬೇಡ: ಉಪ್ಪು ಹಾಕದ ಹೊಸ ದ್ರವವನ್ನು ಮಾಡಿ ಅದರಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸಿದರೆ ಎರಡೂ ಹದಕ್ಕೆ ಬರುವುವು. ಬರಿಯ ನೀರನ್ನು ಸುರಿದು ಸರಿಪಡಿಸುವ ಪ್ರಯತ್ನವು ಸಾರವನ್ನೂ ಕೆಡಿಸುವುದು.

ಸೀಗೆ ಅಂಟುವಾಳಗಳ ಮಾತು

ಅಂಟುವಾಳದ ಕಾಯಿಯ ಸಿಪ್ಪೆಯಲ್ಲಿಯೂ ಸೀಗೆಯ ಕಾಯಿಯಲ್ಲಿಯೂ ಸೆಪೊನಿನ್ ಎಂಬ ನೊರೆದ್ರವ್ಯವು ಹುಟ್ಟಿನಿಂದಲೇ ಇರುವುದು. ಇವುಗಳ ಕಷಾಯವು ಸ್ವಭಾವದಿಂದಲೇ ಹುಳಿಯ ಕಡೆಗಿರುವುದರಿಂದ ಕೂದಲಿಗೆ ಹಿತ. ಆದರೆ ಈ ದ್ರವ್ಯದ ತಲೆಗಳಿಗೆ ಎಸ್. ಎಲ್. ಇ. ಎಸ್.ನಂತಹ ತಳ್ಳಾಟವಿಲ್ಲದ ಕಾರಣ ಉಪ್ಪಿನಿಂದ ಮಂದವಾಗದು. ಇದಕ್ಕೆ ಅಂಟೇ ಬೇಕು. ನಮ್ಮ ಹಿರಿಯರು ಇದನ್ನು ಬಲ್ಲವರಾದುದರಿಂದಲೇ ಮೆಂತ್ಯವನ್ನೂ, ದಾಸವಾಳದ ಎಲೆಯ ಲೋಳೆಯನ್ನೂ, ಮಲೆನಾಡಿನಲ್ಲಿ ಮತ್ತಿಯ ಗೊಂಪನ್ನೂ ಸೀಗೆಯ ಸಂಗಡ ಕೂಡಿಸುತ್ತಿದ್ದರು.

ಪೇಟೆಯ ಅಂಟುಗಳಲ್ಲಿ ಎರಡು ಹೆಸರಿಸತಕ್ಕವು. ಗೋರಿಕಾಯಿಯ ಬೀಜದಿಂದ ತೆಗೆಯುವ ಗ್ವಾರ್ ಅಂಟು ಒಂದು. ೨೦೧೨ರ ಸುಮಾರಿನಲ್ಲಿ ಅಮೆರಿಕದ ತೈಲಬಾವಿಗಳವರು ಇದನ್ನೇ ಕೊಳ್ಳತೊಡಗಿದಾಗ ಗೋರಿಬೀಜದ ಬೆಲೆ ಹೇಗೆ ಏರಿ ಹೇಗೆ ಇಳಿಯಿತೆಂಬುದು ಬೆಳೆದವರಿಗೆ ನೆನಪಿರಬಹುದು. ಇನ್ನೊಂದು ಕ್ಸಾಂಥನ್ ಅಂಟು. ಇದನ್ನು ಅಮೆರಿಕ ಸರ್ಕಾರದ ವ್ಯವಸಾಯ ಇಲಾಖೆಯ ಪಿಯೋರಿಯ ಪ್ರಯೋಗಶಾಲೆಯಲ್ಲಿ ಕಂಡುಹಿಡಿದರು. ನಮ್ಮ ಎಲೆಕೋಸಿಗೆ ಕಪ್ಪುಕೊಳೆ ರೋಗವನ್ನು ತರುವ ಕ್ಸಾಂಥೊಮೊನಾಸ್ ಎಂಬ ಸೂಕ್ಷ್ಮಜೀವಿಯೇ ಸಕ್ಕರೆಯನ್ನು ತಿಂದು ಈ ಅಂಟನ್ನು ಸ್ರವಿಸುವುದು! ಹೊಲದಲ್ಲಿ ವೈರಿಯಾದುದು ಕಾರ್ಖಾನೆಯಲ್ಲಿ ಕೂಲಿಯಾಳಾಗಿದೆ.

೧೦೦ ಗ್ರಾಂ ಬೀಜ ತೆಗೆದ ಅಂಟುವಾಳದ ಸಿಪ್ಪೆಯನ್ನು ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ, ಕಿವುಚಿ ಸೋಸಬೇಕು. ೫–೬ ಗ್ರಾಂ ಕ್ಸಾಂಥನ್ ಪುಡಿಯನ್ನು ನೇರವಾಗಿ ಹಾಕಿದರೆ ರಾಗಿಹಿಟ್ಟಿನಂತೆ ಗಂಟುಕಟ್ಟುವುದು. ಮೊದಲು ೨೫ ಗ್ರಾಂ ಗ್ಲಿಸರಿನಿನಲ್ಲಿ ಕಲಸಿಕೊಂಡು ಆಮೇಲೆ ಕಷಾಯಕ್ಕೆ ಬಿಟ್ಟು ಕಡೆದರೆ ಗಂಟಿಲ್ಲದೆ ಮಂದವಾಗುವುದು. ನೊರೆಯು ಪೇಟೆಯ ದ್ರವದಷ್ಟು ಬಾರದು. ತಲೆಯಲ್ಲಿ ಹರಳೆಣ್ಣೆ ಇದ್ದರಂತೂ ಮೊದಲನೆಯ ಸಲ ನೊರೆಯೇ ಏಳದು. ಕೊಳೆ ಹೋಗುವುದಕ್ಕೆ ನೊರೆಯು ಸಾಕ್ಷಿಯಲ್ಲವಾದ್ದರಿಂದ ಚಿಂತೆಯಿಲ್ಲ. ಪ್ರಕೃತಿಯದೆಂದ ಮಾತ್ರಕ್ಕೆ ಕಣ್ಣಿಗೆ ನಿರಪಾಯವೆಂದು ತಿಳಿಯಬಾರದು. ಅಂಟುವಾಳದ ಉರಿ ಎಂಥದೆಂದು ಬಾಲ್ಯದಲ್ಲಿ ಅಭ್ಯಂಜನಕ್ಕೆ ಕೂತ ಯಾರಿಗೂ ಹೇಳಬೇಕಾದ್ದಿಲ್ಲ.

ಈ ಕಷಾಯದ ದೊಡ್ಡ ದೋಷವೆಂದರೆ ಬೇಗ ಕೆಡುವುದು. ನೀರೂ ಸಸ್ಯದ ಸಕ್ಕರೆಯೂ ಕೂಡಿದ ಕಡೆ ಸೂಕ್ಷ್ಮಜೀವಿಗಳು ಎರಡು ಮೂರು ದಿನಗಳಲ್ಲಿ ಹುಳಿ ಎಬ್ಬಿಸುವುವು. ತಂಪುಪೆಟ್ಟಿಗೆಯಲ್ಲಿ ಇಟ್ಟರೂ ಒಂದು ವಾರಕ್ಕಿಂತ ಹೆಚ್ಚು ನಂಬುವುದಕ್ಕಾಗದು. ಕೆಟ್ಟ ದ್ರವವು ಮೊದಲು ತೆಳ್ಳಗಾಗುವುದು, ಏಕೆಂದರೆ ಆ ಜೀವಿಗಳು ಅಂಟನ್ನೇ ಕತ್ತರಿಸಿ ತಿನ್ನುವುವು. ಆದ್ದರಿಂದ ಮಂದವಾಗಿದ್ದ ಕಷಾಯವು ಕಾರಣವಿಲ್ಲದೆ ನೀರಾದರೆ ಮತ್ತೆ ಅಂಟು ಹಾಕದೆ ಚೆಲ್ಲತಕ್ಕದ್ದು.

ಮಾರಾಟಕ್ಕೆ ಮಾಡುವ ಸಂಘಗಳಿಗೆ ನಾನು ಹೇಳುವುದು, ಕಷಾಯಕ್ಕಿಂತ ಪುಡಿಯೇ ಮೇಲು ಎಂದು. ನೀರಿಲ್ಲದಿದ್ದರೆ ಮಂದದ ಚಿಂತೆಯಿಲ್ಲ, ಬೂಷ್ಟಿನ ಔಷಧಿ ಬೇಕಿಲ್ಲ, ಶೀಸೆಯ ಖರ್ಚಿಲ್ಲ, ಸಾಗಣೆಯ ಭಾರವಿಲ್ಲ. ಕಾಯಿಗಳು ಮುರಿದರೆ ಟಪ್ಪೆಂದು ಶಬ್ದ ಬರುವಷ್ಟು ಒಣಗಿರಬೇಕು, ಪುಡಿಯನ್ನು ಮಸ್ಲಿನ್ ಬಟ್ಟೆಯಲ್ಲಿ ಸೋಸಬೇಕು, ಗಾಳಿಯಾಡದ ಚೀಲದಲ್ಲಿ ಕಟ್ಟಬೇಕು. ಕುಟ್ಟುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಸೀನಿ ಸೀನಿ ಸಾಕಾಗುವುದು. ಎಸ್. ಎಲ್. ಇ. ಎಸ್. ದ್ರವಕ್ಕೆ ಒಂದು ಚಮಚ ಸೀಗೆಯ ಕಷಾಯವನ್ನು ಬಿಟ್ಟು ‘ಸೀಗೆ ಶಾಂಪೂ’ ಎಂದು ಹೆಸರಿಡುವುದರಿಂದ ಬಣ್ಣ ಕಪ್ಪಾಗುವುದು, ಕೆಡುವುದು ಬೇಗ. ಬೇರೆ ಗುಣವನ್ನು ನಾನು ಕಂಡಿಲ್ಲ.

ಮನೆಯ ಉಪಯೋಗಕ್ಕೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮಾರುವುದಾದರೆ ೧೯೪೦ರ ಔಷಧ ಮತ್ತು ಸೌಂದರ್ಯಸಾಧನಗಳ ಆಕ್ಟು, ೨೦೨೦ರ ಸೌಂದರ್ಯಸಾಧನಗಳ ನಿಯಮಗಳು ಇವುಗಳ ಮೇರೆಗೆ ರಾಜ್ಯದ ಅಧಿಕಾರಿಗಳಿಂದ ತಯಾರಿಕೆಯ ಲೈಸೆನ್ಸು ಪಡೆದಿರಬೇಕು. ಚೀಟಿಯ ಮೇಲೆ ತಯಾರಕರ ಹೆಸರು ವಿಳಾಸ, ಕೂಡಿಸಿದ ಪದಾರ್ಥಗಳು, ತಂಡದ ಸಂಖ್ಯೆ, ತಯಾರಿಸಿದ ಕಾಲ, ಉಪಯೋಗಿಸಬೇಕಾದ ಅವಧಿ ಕಾಣಿಸಬೇಕು. ಸಾಲದ ಕಾಗದಕ್ಕೆ ಸಂಘದವರು ಸಹಿ ಹಾಕುವುದಕ್ಕೆ ಮುಂಚೆಯೇ ಈ ವಿಷಯವನ್ನು ಗ್ರಾಮದ ಮುಖ್ಯಸ್ಥರು ವಿಚಾರಿಸಿಕೊಡುವುದು ಒಳ್ಳೆಯದು. ಪ್ರತಿ ತಂಡದಿಂದಲೂ ಒಂದು ಶೀಸೆಯನ್ನು ತೆಗೆದಿಟ್ಟು ಮೂರು ತಿಂಗಳು ನೋಡುತ್ತಿರುವುದೂ, ಹೊಸ ದ್ರವವನ್ನು ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ತೊಳೆದು ಒಂದು ದಿನ ಕಾಯುವುದೂ ರೂಢಿಯಾಗಬೇಕು.

ಅಂಟುವಾಳವನ್ನು ಬೆಳೆಸುವವರಿಗೆ ಎರಡು ಮಾತು. ದಕ್ಷಿಣದೇಶದ ಅಂಟುವಾಳವು ಮೂರು ಹೋಳಿನ ಕಾಯಿಯದು, ಉತ್ತರದೇಶದ್ದು ಒಂಟಿ ಗುಂಡಿನ ಕಾಯಿಯದು. ನಮ್ಮ ಒಣಭೂಮಿಯ ಬದುಗಳಿಗೆ ಮೊದಲನೆಯದೇ ಒಗ್ಗುವುದು. ಬೀಜದ ಚಿಪ್ಪು ಬಹು ಗಟ್ಟಿಯಾದುದರಿಂದ ಒಂದು ಹಗಲು ರಾತ್ರಿ ನೀರಿನಲ್ಲಿ ನೆನೆಸಿ ಚೀಲಗಳಲ್ಲಿ ಊರಿ, ಮಳೆ ಹಿಡಿದ ಮೇಲೆ ಬದುವಿಗೆ ವರ್ಗಾಯಿಸುವುದು. ಫಲಕ್ಕೆ ಎಂಟು ಹತ್ತು ವರ್ಷ ಕಾಯಬೇಕು. ಸೀಗೆಯು ಮುಳ್ಳಿನ ಬಳ್ಳಿಯಾದ್ದರಿಂದ ಬೇಲಿಗೂ ಆಗುವುದು, ಕಾಯಿಯೂ ಬರುವುದು. ಕಷಾಯದ ಚರಟವನ್ನೂ ತೊಳೆದ ನೀರನ್ನೂ ಕೆರೆಗೆ ಬಿಡಕೂಡದು: ಸೆಪೊನಿನ್ ಮೀನಿನ ಕಿವಿರುಗಳಿಗೆ ವಿಷ, ಕೆರೆಯಲ್ಲಿ ಮೀನು ಬಿಟ್ಟಿರುವ ಗ್ರಾಮಗಳಲ್ಲಿ ಇದರಿಂದ ನಷ್ಟವಾಗಬಹುದು. ಚರಟವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಒಂದು ಮಳೆಗಾಲದಲ್ಲಿ ಕೊಳೆತು ಮಣ್ಣಾಗುವುದು.